ಪುಟದ ಮೇಲಿನ ಹೆಬ್ಬೆರಳು

ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಜೈಲರ್ ಎಂದು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಜೈಲರ್ ಅನ್ನಿಸಿಕೊಂಡದ್ದಕ್ಕೆ ಅವನು ಒಂದು ದಿನವೂ ಬೇಸರಪಟ್ಟವನಲ್ಲ, ಯಾಕೆಂದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಗ್ರಂಥಾಲಯದ ಹಿಂಬದಿಯಲ್ಲಿ, ಕೈ ತೊಳೆಯುವ ಜಾಗ ದಾಟಿದ ಮೇಲೆ, ಕಬ್ಬಿಣದ ಬಾಗಿಲಿನ ಕೋಣೆಯೊಂದಿದೆ. ಕಿಟಕಿಗೆ ಸರಳು, ಬಾಗಿಲಿಗೆ ದಪ್ಪ ಬೀಗ, ಒಳಗೆ ಗೋಡೆಯುದ್ದಕ್ಕೂ ಪುಸ್ತಕಗಳು. ಬೀಗದ ಕೈ ಸದಾ ಅವನ ಸೊಂಟದಲ್ಲಿ.

ಈ ಪುಸ್ತಕಗಳು ಮಾಡಿದ ಅಪರಾಧವಾದರೂ ಏನು ಎಂದು ಹೊಸಬರು ಕೇಳುವುದುಂಟು. ಅಪರಾಧವೇನೂ ಇಲ್ಲ. ಗ್ರಂಥಾಲಯದವರು ಹಳೆಯ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಮನೆಯಲ್ಲೇ ಕೂತು ಮೊಬೈಲಿನಲ್ಲೋ ಟ್ಯಾಬಿನಲ್ಲೋ ಓದುವವರಿಗೆ ಎರವಲು ಕೊಡಲು ಶುರು ಮಾಡಿದ್ದರು. ಕೊಂಡದ್ದು ಒಂದು ಪ್ರತಿ, ಹಾಗಾಗಿ ಓದುವವರೂ ಒಬ್ಬರೇ ಇರಬೇಕು ಎಂಬುದು ಅಲ್ಲಿನ ಕಟ್ಟುಪಾಡು. ಡಿಜಿಟಲ್ ಪ್ರತಿ ಯಾರ ಮನೆಯಲ್ಲೋ ಇರುವಷ್ಟು ದಿನ ಕಾಗದದ ಪ್ರತಿ ಈ ಕೋಣೆಯಲ್ಲಿ ಬಂಧನದಲ್ಲಿರುತ್ತದೆ. ಅದು ವಾಪಸು ಬಂದರೆ ಇದಕ್ಕೆ ಬಿಡುಗಡೆ. ಇದರಿಂದ ಬರೆದವರಿಗೂ ಮೋಸವಿಲ್ಲ, ಓದುವವರಿಗೂ ಮೋಸವಿಲ್ಲ ಎಂದು ಮುಖ್ಯ ಗ್ರಂಥಪಾಲಕಿ ಮೇಡಂ ಒಂದು ಸಲ ಹೇಳಿದ್ದರು. ಮೇಡಂ ಹೇಳಿ ಮರೆತರು. ಜೈಲರ್ ಅದನ್ನು ಹಿಡಿದುಕೊಂಡವನು ಬಿಡಲೇ ಇಲ್ಲ.

ಅವನು ಹಿಡಿದುಕೊಂಡ ರೀತಿಯನ್ನು ಸ್ವಲ್ಪ ಹೇಳಬೇಕು. ಓದುವ ಕೋಣೆಯಲ್ಲಿ ಇಬ್ಬರು ಮುದುಕರು ಒಂದೇ ಪತ್ರಿಕೆಯ ಮೇಲೆ ಬಗ್ಗಿದ್ದರೆ ಅವನ ಕೆನ್ನೆ ಅದುರುತ್ತಿತ್ತು. ಬಸ್ಸಿನಲ್ಲಿ ಪಕ್ಕದವನ ಮೊಬೈಲಿಗೆ ಕಣ್ಣು ಹಾಕುವವರನ್ನು ಕಂಡರೆ ಕಳ್ಳರನ್ನು ಕಂಡ ಹಾಗೆ ದುರುಗುಟ್ಟಿ ನೋಡುತ್ತಿದ್ದ. ಮನೆಯಲ್ಲಿ ಅಕ್ಕ ಟ್ಯಾಬ್ ಹಿಡಿದು ಕೂತಿದ್ದಾಗ, ಕಾಫಿ ಕೊಡಲು ಬಂದ ಹೆಂಡತಿ ಒಂದು ಕ್ಷಣ ಹಿಂದೆ ನಿಂತರೂ ಸಾಕು, "ಅದು ಅಕ್ಕನ ಕಾರ್ಡಿನಲ್ಲಿ ತಗೊಂಡಿರೋದು, ನಿಂದಲ್ಲ," ಅನ್ನುತ್ತಿದ್ದ.

"ಹಾಗಾದ್ರೆ ನಾಳೆಯಿಂದ ಕಣ್ಣು ಮುಚ್ಕೊಂಡೇ ಕಾಫಿ ತರ್ತೀನಿ. ಎಲ್ಲಿ ಚೆಲ್ಲುತ್ತೋ ಅಲ್ಲಿ ನೀವೇ ಒರೆಸ್ಕೊಳಿ," ಎನ್ನುತ್ತಿದ್ದಳು ಅವಳು.

ಈ ಅಕ್ಕನ ವಿಷಯಕ್ಕೇ ಬರುತ್ತೇನೆ. ಅವನಿಗಿಂತ ಹತ್ತು ವರ್ಷ ದೊಡ್ಡವಳು. ಹೊಲಿಗೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮದುವೆ ಬೇಡವೆಂದವಳು, ಯಾಕೆಂದು ಕೇಳಿದವರಿಗೆ ಇಂದಿಗೂ ಉತ್ತರ ಕೊಟ್ಟವಳಲ್ಲ. ತಮ್ಮನಿಗೆ ಅಕ್ಷರ ಕಲಿಸಿದವಳು ಅವಳೇ, ಕಲಿಸುವಾಗ ಗೆಣ್ಣಿನ ಮೇಲೆ ಅಳತೆಪಟ್ಟಿಯಿಂದ ಹೊಡೆದವಳೂ ಅವಳೇ. ಜಗತ್ತಿನಲ್ಲಿ ಜೈಲರ್ ಹೆದರುತ್ತಿದ್ದುದು ಒಬ್ಬಳಿಗೆ, ಪ್ರೀತಿಸುತ್ತಿದ್ದುದು ಇಬ್ಬರನ್ನು. ಅಕ್ಕ ಎರಡು ಲೆಕ್ಕದಲ್ಲೂ ಇದ್ದಳು.

ಅವಳ ಕಣ್ಣು ಹೋಗುತ್ತಿತ್ತು. ಸುತ್ತಲಿನದು ಕಾಣುತ್ತಿತ್ತು, ನಡುವಿನದು ಮಾಸುತ್ತಿತ್ತು. ಎದುರು ನಿಂತವರ ಕಿವಿ ಕಂಡರೂ ಮೂಗು ಕಾಣುತ್ತಿರಲಿಲ್ಲ. "ಕೆಲವರ ವಿಷಯದಲ್ಲಿ ಇದು ಒಳ್ಳೇದೇ," ಎನ್ನುತ್ತಿದ್ದಳು. ಅಚ್ಚಿನ ಪುಸ್ತಕ ಓದುವುದು ಯಾವಾಗಲೋ ನಿಂತುಹೋಗಿತ್ತು. ಟ್ಯಾಬಿನಲ್ಲಿ ಅಕ್ಷರವನ್ನು ಹಿಗ್ಗಿಸಿ ಹಿಗ್ಗಿಸಿ, ಪರದೆಗೆ ಮೂರು ಪದ ಹಿಡಿಸುವಷ್ಟು ದೊಡ್ಡದು ಮಾಡಿಕೊಂಡು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು ಓದುತ್ತಿದ್ದಳು. ಮೂರು ಪದ ಓದು, ಬೆರಳಿನಿಂದ ಸರಿಸು, ಮತ್ತೆ ಮೂರು ಪದ. ಒಂದು ಪುಟಕ್ಕೆ ಅರ್ಧ ಗಂಟೆಯಾದರೂ ಬೇಕಾಗುತ್ತಿತ್ತು. ಕಣ್ಣಿನ ಡಾಕ್ಟರು ಕಳೆದ ಸಲ ಮುಚ್ಚುಮರೆಯಿಲ್ಲದೆ ಹೇಳಿದ್ದರು, ಇನ್ನು ಕೆಲವೇ ತಿಂಗಳು, ಆಮೇಲೆ ಎಷ್ಟು ದೊಡ್ಡ ಅಕ್ಷರವಾದರೂ ಕಷ್ಟ ಎಂದು. ಆಗ ಅವಳು ಅರ್ಧ ಓದಿದ್ದು ಒಂದು ಹಳೆಯ ಪತ್ತೇದಾರಿ ಕಾದಂಬರಿ. ಒಂದು ದೊಡ್ಡ ಹೋಟೆಲು, ಅದರಲ್ಲೊಂದು ಕೊಲೆ, ಕೊಲೆಗಾರ ಯಾರೆಂದು ತಿಳಿಯದೆ ಒದ್ದಾಡುವ ಒಬ್ಬ ಇನ್ಸ್‌ಪೆಕ್ಟರು.

"ಇದೇ ಕೊನೇ ಪುಸ್ತಕ ಅಂತ ಗೊತ್ತಿದ್ದಿದ್ರೆ ಸ್ವಲ್ಪ ಒಳ್ಳೇದನ್ನೇ ಆರಿಸ್ಕೋತಿದ್ದೆ," ಎಂದಳು ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ. "ಇರಲಿ ಬಿಡು. ಕೈ ಹಾಕಿದ ಮೇಲೆ ಮುಗಿಸಬೇಕು. ಯಾರು ಕೊಂದ್ರು ಅಂತ ನನ್ನ ಕಣ್ಣಲ್ಲೇ ಓದಿ ಮುಗಿಸ್ತೀನಿ. ಆಮೇಲೆ ಕಣ್ಣು ಏನು ಬೇಕಾದ್ರೂ ಮಾಡ್ಕೊಳ್ಳಲಿ."

ಹೀಗೆ ಮೂರು ತಿಂಗಳು ಆ ಕಾದಂಬರಿ ಅವಳ ಕಾರ್ಡಿನಲ್ಲೇ ಇತ್ತು. ಬೇರೆ ಯಾರೂ ಕೇಳದ ಕಾರಣ ಅವಧಿ ತಾನಾಗಿ ಮುಂದೆ ಹೋಗುತ್ತಿತ್ತು. ಕಾಗದದ ಪ್ರತಿ ನಿಯಮದಂತೆ ಕಬ್ಬಿಣದ ಬಾಗಿಲಿನ ಹಿಂದಿತ್ತು.

ಒಂದು ಸೋಮವಾರ ಜೈಲರ್ ಮನೆಗೆ ಬಂದಾಗ ಅಕ್ಕ ಟ್ಯಾಬನ್ನು ಮಡಿಲಲ್ಲಿ ಮಗುಚಿ ಹಾಕಿಕೊಂಡು ಕೂತಿದ್ದಳು. ಮುಖ ಬಿಗಿದಿತ್ತು. ಚಪ್ಪಲಿ ಬಿಡುವುದಕ್ಕೂ ಬಿಡದೆ ಕರೆದಳು.

"ಬಾ ಇಲ್ಲಿ. ನಿನ್ನ ಬಲಗೈ ತೋರಿಸು."

ಅವನು ಗೆಣ್ಣು ಅಡಗಿಸಿಕೊಂಡೇ ಕೈ ಚಾಚಿದ. ಅಕ್ಕ ಅವನ ಹೆಬ್ಬೆರಳನ್ನು ತಡವಿ, ಉಗುರಿನ ನಡುವಿನ ಸೀಳನ್ನು ಮುಟ್ಟಿ ನೋಡಿ, ಟ್ಯಾಬನ್ನು ತಿರುಗಿಸಿ ಹಿಡಿದಳು. ಪರದೆಯ ತುಂಬ ಒಂದು ಹೆಬ್ಬೆರಳು. ಸೀಳುಗುರು, ಪಕ್ಕದಲ್ಲಿ ಅಂಟಿನ ಕಲೆ, ಎಲ್ಲ ಸ್ಪಷ್ಟವಾಗಿತ್ತು. ಕಾದಂಬರಿಯ ಕೊನೆಯಿಂದ ಎರಡನೇ ಪುಟ. ಇನ್ಸ್‌ಪೆಕ್ಟರು ಎಲ್ಲರನ್ನೂ ಹೋಟೆಲಿನ ಹಜಾರದಲ್ಲಿ ಕೂರಿಸಿ, "ಕೊಲೆ ಮಾಡಿದವರು ಬೇರೆ ಯಾರೂ ಅಲ್ಲ" ಎನ್ನುತ್ತಾನೆ. ಅಲ್ಲಿಂದ ಮುಂದೆ ನಾಲ್ಕು ಸಾಲು ಹೆಬ್ಬೆರಳು.

ಪುಸ್ತಕಗಳನ್ನು ಸ್ಕ್ಯಾನ್ ಮಾಡಿದ್ದು ಅವನೇ. ದಿನಗಟ್ಟಲೆ ಪುಟ ಒತ್ತಿ ಹಿಡಿದು, ಗುಂಡಿ ಒತ್ತಿ, ಮಗುಚಿ, ಮತ್ತೆ ಒತ್ತಿ ಹಿಡಿದಿದ್ದ. ಸಂಜೆಯ ಹೊತ್ತಿಗೆ ಬೆರಳು ಎಲ್ಲಿದೆಯೆಂದು ಬೆರಳಿಗೇ ತಿಳಿಯುತ್ತಿರಲಿಲ್ಲ. ಬೇರೆಲ್ಲೂ ಜಾರದ ಬೆರಳು, ಸಾವಿರಾರು ಪುಟಗಳನ್ನು ಬಿಟ್ಟು ಇಲ್ಲೇ ಬಂದು ಕೂತಿತ್ತು.

"ಮೂರು ತಿಂಗಳು ಕಣೋ," ಎಂದಳು ಅಕ್ಕ. "ಮೂರು ತಿಂಗಳು ಮೂರು ಮೂರು ಪದ ನುಂಗ್ಕೊಂಡು ಬಂದು, ಕೊನೆಗೆ ಸಿಕ್ಕಿದ್ದು ನಿನ್ನ ಹೆಬ್ಬೆಟ್ಟು."

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಇಣುಕಿದವಳು ಪರದೆ ನೋಡಿದಳು. ಆವತ್ತು ಅವನಿಗೆ ಆಕ್ಷೇಪಿಸುವ ಧೈರ್ಯವಿರಲಿಲ್ಲ.

"ಅಯ್ಯೋ, ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀರಿ? ಬೀಗದ ಕೈ ನಿಮ್ಮ ಹತ್ರನೇ ಇದೆ. ನಾಳೆ ಪುಸ್ತಕ ತೆಗೆದು ನಾಲ್ಕು ಸಾಲು ನೋಡ್ಕೊಂಡು ಬನ್ನಿ."

"ಡಿಜಿಟಲ್ ಪ್ರತಿ ಅಕ್ಕನ ಹತ್ರ ಇದೆ," ಎಂದ ಜೈಲರ್. "ಅಕ್ಕ ಇಲ್ಲಿ ಓದ್ತಿರುವಾಗ ನಾನು ಅಲ್ಲಿ ತೆಗೆದು ಓದಿದ್ರೆ ಒಂದು ಪುಸ್ತಕಕ್ಕೆ ಇಬ್ಬರು ಆದಂಗಾಯ್ತು."

"ನಾಲ್ಕು ಸಾಲು ರೀ!"

"ನಾಲ್ಕು ಸಾಲಾದ್ರೇನು, ನಾಲ್ಕಕ್ಷರ ಆದ್ರೇನು."

"ಓದ್ಬೇಡಿ ಹಾಗಾದ್ರೆ. ನೋಡ್ಕೊಂಡು ದೊಡ್ಡಕ್ಷರದಲ್ಲಿ ಬರ್ಕೊಂಡು ಬನ್ನಿ."

"ಅದು ಇನ್ನೂ ಘೋರ. ಅದು ಪ್ರತಿ ಮಾಡಿದ ಹಾಗೆ."

ಹೆಂಡತಿ ಅತ್ತಿಗೆಯ ಕಡೆ ತಿರುಗಿದಳು. "ನೀವಾದ್ರೂ ಹೇಳಿ ಅತ್ತಿಗೆ. ಲೈಬ್ರರಿಯವರಿಗೆ ಗಂಡನ್ನ ಕೊಟ್ಟು ನಾನು ಏನು ಸುಖ ಕಂಡೆ?"

ಅಕ್ಕ ಹೇಳಿದ್ದು ಬೇರೆ. "ಅವನು ಬಂದು ಬಾಯಲ್ಲಿ ಹೇಳೋದಾದ್ರೆ ನನಗೆ ಬೇಡ. ಅದು ಕೇಳಿದ ಹಾಗೆ, ಓದಿದ ಹಾಗಲ್ಲ. ಪುಟ ಸರಿ ಮಾಡಿ ಕೊಡು, ನಾನೇ ಓದ್ತೀನಿ. ನಿನ್ನ ಬೆರಳು ಮಾಡಿದ ಕೆಲಸ, ನೀನೇ ನೆಟ್ಟಗೆ ಮಾಡು."

ಮಾರನೇ ದಿನ ಅವನು ಮೇಡಂ ಎದುರು ನಿಂತು, ಒಂದೇ ಒಂದು ಪುಟ ಮತ್ತೆ ಸ್ಕ್ಯಾನ್ ಮಾಡಲು ಅಪ್ಪಣೆ ಕೇಳಿದ. ಯಾಕೆಂದೂ ಹೇಳಿದ. ಮೇಡಂ ನಗು ತಡೆದುಕೊಳ್ಳಲು ನೀರು ಕುಡಿದರು, ನೀರು ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡ ಮೇಲೆ ಮುಖ ಗಂಭೀರವಾಯಿತು. ಆ ಕಾದಂಬರಿಯ ಪ್ರಕಾಶಕರು ತಕರಾರು ತೆಗೆದಿದ್ದರು. ತಮ್ಮ ಯಾವ ಪುಸ್ತಕವನ್ನೂ ಡಿಜಿಟಲ್ ಆಗಿ ಎರವಲು ಕೊಡಕೂಡದು, ಶುಕ್ರವಾರ ಸಂಜೆ ಐದು ಗಂಟೆಗೆ ಎಲ್ಲವನ್ನೂ ತೆಗೆದುಹಾಕಬೇಕು, ತೆಗೆಯುವುದನ್ನು ನೋಡಲು ತಮ್ಮ ಮನುಷ್ಯನೊಬ್ಬ ಬರುತ್ತಾನೆ ಎಂದಿದ್ದರು. ಅಲ್ಲಿಯವರೆಗೆ ಹೊಸದಾಗಿ ಒಂದು ಪುಟವನ್ನೂ ಪ್ರತಿ ಮಾಡುವಂತಿರಲಿಲ್ಲ. ಕೇಸು ಕಚೇರಿ ಎಂದು ಅಲೆಯುವ ಶಕ್ತಿ ಗ್ರಂಥಾಲಯಕ್ಕೆ ಎಲ್ಲಿಂದ ಬರಬೇಕು, ಮೇಡಂ ಒಪ್ಪಿಕೊಂಡುಬಿಟ್ಟಿದ್ದರು.

"ಮೊದಲು ಗಲಾಟೆ ಎತ್ತಿದ್ದು ನಿಮ್ಮಕ್ಕನ ಕಾದಂಬರಿಕಾರರೇ," ಎಂದರು ಮೇಡಂ. "ಇದೇ ಊರಿನಲ್ಲಿದ್ದಾರೆ. ಅವರು ಮನಸ್ಸು ಮಾಡಿದ್ರೆ ಆ ಒಂದು ಪುಟಕ್ಕೆ ಏನಾದ್ರೂ ಆಗಬಹುದೇನೋ. ಐದು ಗಂಟೆಗೆ ಗುಂಡಿ ಒತ್ತೋದು ಮಾತ್ರ ನೀವೇ. ಆ ಮಷೀನಿನ ಸಹವಾಸ ನನಗೆ ಬೇಡ."

ಶುಕ್ರವಾರ ಐದು ಗಂಟೆ ಹೊಡೆದರೆ ಅಕ್ಕನ ಟ್ಯಾಬಿನಿಂದ ಪುಸ್ತಕವೇ ಮಾಯ. ಹೆಬ್ಬೆರಳಿನ ಹಿಂದೆ ಇರುವ ಸಾಲು ಮಾತ್ರವಲ್ಲ, ಅದರ ಮುಂದಿನ ಕೊನೆಯ ಪುಟವೂ ಹೋಗುತ್ತದೆ. ಜೈಲರ್‌ಗೆ ಅನ್ನ ಸೇರಲಿಲ್ಲ. ಇಷ್ಟು ವರ್ಷ ತಾನು ಕಾದದ್ದು ಪುಸ್ತಕಗಳನ್ನೋ ಬರೀ ಬೀಗವನ್ನೋ ಎಂಬ ಅನುಮಾನ ಮೊದಲ ಸಲ ಅವನ ತಲೆ ಹೊಕ್ಕಿತು. ಅನುಮಾನಕ್ಕೆ ಅಲ್ಲಿ ಜಾಗ ಕಡಿಮೆ, ಹಾಗಾಗಿ ತಲೆನೋವು ಬಂತು.

ಕಾದಂಬರಿಕಾರರು ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ, ಕೆಳಗೆ ಇಸ್ತ್ರಿ ಅಂಗಡಿ ಇರುವ ಮನೆಯಲ್ಲಿ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ ವಯಸ್ಸು, ಎದ್ದು ನಿಂತ ಹುಬ್ಬು, ಸವೆದ ಬನಿಯನ್ನು. ಗ್ರಂಥಾಲಯದವನು ಎಂದು ಕೇಳಿದ್ದೇ ಬಾಗಿಲಲ್ಲೇ ಶುರು ಹಚ್ಚಿಕೊಂಡರು.

"ಬನ್ನಿ ಬನ್ನಿ! ಕದ್ದ ಮನೆ ಹೇಗಿದೆ ಅಂತ ನೋಡೋಕೆ ಬಂದ್ರಾ?"

"ಕದ್ದಿಲ್ಲ ಸಾರ್. ಒಂದು ಕೊಂಡಿದ್ದೀವಿ, ಒಬ್ಬರಿಗೇ ಕೊಡ್ತೀವಿ."

"ಕೇಳ್ರೀ ಇಲ್ಲಿ. ಕಾಗದದ ಪುಸ್ತಕಕ್ಕೆ ಒಂದು ಆಯಸ್ಸು ಅಂತ ಇದೆ. ಹರಿಯುತ್ತೆ, ನೆನೆಯುತ್ತೆ, ಯಾರೋ ಅದರ ಮೇಲೆ ಬಿಸಿ ಪಾತ್ರೆ ಇಡ್ತಾರೆ. ಆಗ ನೀವು ಇನ್ನೊಂದು ಕೊಳ್ಳಬೇಕು, ನನಗೆ ನಾಲ್ಕು ಕಾಸು ಬರಬೇಕು. ನಿಮ್ಮ ಈ ಡಿಜಿಟಲ್ಲಿಗೆ ಸಾವೇ ಇಲ್ಲ! ನಾನು ಸತ್ತರೂ ಅದು ಸಾಯಲ್ಲ. ಇದು ನ್ಯಾಯವೇನ್ರೀ?"

ಜೈಲರ್ ಯೋಚಿಸಿದ. ಅದು ನ್ಯಾಯವೆಂದೇ ತೋರಿತು. ಅವನ ತೊಂದರೆಯೇ ಅದು, ಯಾರಾದರೂ ಗಟ್ಟಿಯಾಗಿ ಹೇಳಿದರೆ ನ್ಯಾಯವೆಂದೇ ತೋರುತ್ತಿತ್ತು. "ನೀವು ಹೇಳೋದು ಸರಿ ಸಾರ್," ಎಂದ. "ಆದ್ರೆ ಇನ್ನೊಂದು ಕೊಳ್ಳೋಣ ಅಂದ್ರೆ ಎಲ್ಲಿದೆ? ಅಚ್ಚಾಗಿ ಎಷ್ಟು ಕಾಲ ಆಯ್ತು?"

ಅದು ತಾಗಬಾರದ ಕಡೆ ತಾಗಿತು. ಕಾದಂಬರಿಕಾರರು ಕುರ್ಚಿಯಲ್ಲಿ ಕುಸಿದು ಕೂತರು. ಎಲ್ಲರೂ ಪುಕ್ಕಟೆ ಓದುತ್ತಿದ್ದಾರೆ, ಅದಕ್ಕೇ ಮರುಮುದ್ರಣ ಮಾಡುತ್ತಿಲ್ಲ ಎಂದು ಪ್ರಕಾಶಕರು ಹೇಳಿದ್ದರಂತೆ. ಸಾವಿರ ಜನ, ಹತ್ತು ಸಾವಿರ ಜನ ಮೊಬೈಲಿನಲ್ಲಿ ತಮ್ಮ ಹೋಟೆಲಿನ ಕೊಲೆಯನ್ನು ಓದುತ್ತ ಆನಂದಪಡುತ್ತಿದ್ದಾರೆಂದು ಅವರು ವರ್ಷದಿಂದ ಹೊಟ್ಟೆ ಉರಿದುಕೊಂಡಿದ್ದರು. ಆ ಉರಿಯಲ್ಲಿ ಸ್ವಲ್ಪ ಖುಷಿಯೂ ಇತ್ತೆಂದು ಕಾಣುತ್ತದೆ.

"ನಿಜ ಹೇಳಿ. ಎಷ್ಟು ಜನ ಓದ್ತಿದ್ದಾರೆ?"

"ಒಬ್ಬರು ಸಾರ್."

"ಈಗ ಒಬ್ಬರು, ಗೊತ್ತು. ಕಾಯ್ತಿರೋರು?"

"ಯಾರೂ ಇಲ್ಲ ಸಾರ್."

"ಇದಕ್ಕೆ ಮುಂಚೆ?"

ಜೈಲರ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಇದಕ್ಕೆ ಮುಂಚೆ ಒಬ್ಬರು ತಗೊಂಡಿದ್ರು, ಅವತ್ತೇ ವಾಪಸ್ ಮಾಡಿದ್ರು."

ಕೆಳಗಡೆಯಿಂದ ಇಸ್ತ್ರಿಯ ಬಿಸಿ ವಾಸನೆ ಮೇಲೆ ಬರುತ್ತಿತ್ತು. ಕಾದಂಬರಿಕಾರರು ಹುಬ್ಬು ಉಜ್ಜಿಕೊಂಡರು. ಅವರ ಮುಖ ನೋಡಲಾರದೆ ಜೈಲರ್ ತನ್ನ ಮಾನವನ್ನೂ ಹರಾಜಿಗಿಟ್ಟುಬಿಟ್ಟ. ಹೆಬ್ಬೆರಳಿನ ಕಥೆಯನ್ನು ಮೊದಲಿನಿಂದ ಹೇಳಿದ.

"ಏನು? ಕೊಲೆಗಾರನ ಮೇಲೇ ಬೆರಳಿಟ್ರಾ?" ಎಂದು ಅವರು ಮತ್ತೆ ಎದ್ದು ನಿಂತರು. "ಮುನ್ನೂರು ಪುಟದಲ್ಲಿ ನಿಮಗೆ ಇನ್ನೆಲ್ಲೂ ಜಾಗ ಸಿಗಲಿಲ್ವೇನ್ರೀ? ಆ ಬೆಟ್ಟದ ವರ್ಣನೆ ಮೇಲೆ ಇಟ್ಟಿದ್ರೆ ಯಾರು ಕೇಳ್ತಿದ್ರು!" ಸಿಟ್ಟಿನಲ್ಲೇ ಪ್ರಕಾಶಕರಿಗೆ ಫೋನು ಮಾಡಿದರು. ಒಂದು ಪುಟ ಸರಿಪಡಿಸಲು ಲೇಖಕನಾಗಿ ನಾನು ಒಪ್ಪಿದ್ದೇನೆ, ಬೇಕಾದರೆ ನನ್ನ ತಕರಾರನ್ನೂ ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಆ ಕಡೆಯವರು ವಿನಯದಿಂದಲೇ ಹೇಳಿದರು, ಹಕ್ಕೆಲ್ಲ ಎಂದೋ ನಮಗೆ ಬರೆದುಕೊಟ್ಟಿದ್ದೀರಿ, ಒಪ್ಪುವುದೂ ಬಿಡುವುದೂ ನಮ್ಮದು, ನೀವು ಸುಮ್ಮನಿರಿ. ಫೋನು ಇಟ್ಟವರು ಜೈಲರನ ಕಡೆ ತಿರುಗಿದರು.

"ನನ್ನ ಪುಸ್ತಕದ ಮೇಲೆ ನನಗಿಂತ ನಿಮ್ಮ ಬೆರಳಿಗೇ ಹೆಚ್ಚು ಹಕ್ಕಿದೆ ಅಂತಾಯ್ತು," ಎಂದರು. "ಹೋಗ್ಲಿ, ನಿಮ್ಮ ಕೋಣೆಯಲ್ಲಿರೋ ಪ್ರತಿ ನನಗೆ ಒಂದು ದಿನಕ್ಕೆ ಕೊಡಿ. ನನ್ನ ಹತ್ರ ಒಂದೂ ಉಳಿದಿಲ್ಲ."

ಜೈಲರ್ ಸೊಂಟದ ಬೀಗದ ಕೈ ಮುಟ್ಟಿಕೊಂಡ. "ಕೊಡೋಕಾಗಲ್ಲ ಸಾರ್. ಡಿಜಿಟಲ್ ಪ್ರತಿ ಹೊರಗಿದೆ."

"ಬರೆದವನು ನಾನು!"

"ಗೊತ್ತು ಸಾರ್. ನಿಮ್ಮ ಹೆಸರು ಸರತಿಯಲ್ಲಿ ಹಾಕ್ಕೋತೀನಿ. ಮೊದಲನೇದೇ ಬರುತ್ತೆ."

ಇಷ್ಟಕ್ಕೆ ಬೇರೆ ಯಾರಾದರೂ ಕತ್ತು ಹಿಡಿದು ಹೊರಗೆ ತಳ್ಳುತ್ತಿದ್ದರು. ಕಾದಂಬರಿಕಾರರು ತಳ್ಳಲಿಲ್ಲ. ಅವರ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿತ್ತು. "ಆ ಒಬ್ಬರು ಯಾರು? ಎಷ್ಟು ದಿನದಿಂದ ಓದ್ತಿದ್ದಾರೆ?"

"ನಮ್ಮಕ್ಕ. ಮೂರು ತಿಂಗಳಿಂದ."

"ಮೂರು ತಿಂಗಳು? ನನ್ನದನ್ನಾ?" ಎಂದರು, ಧ್ವನಿ ಸಣ್ಣಗಾಗಿತ್ತು. "ಜನ ರೈಲಿನಲ್ಲಿ ಕೂತು ಎರಡು ಗಂಟೆಯಲ್ಲಿ ಮುಗಿಸಿ ಸೀಟಿನ ಮೇಲೆ ಬಿಟ್ಟು ಹೋಗಲಿ ಅಂತ ಬರೆದದ್ದು ಮಾರಾಯರೆ ಅದು."

ಶುಕ್ರವಾರ ಮಧ್ಯಾಹ್ನ ಅವರು ಇಸ್ತ್ರಿಯ ಅಂಗಿ ತೊಟ್ಟು ಜೈಲರನ ಮನೆಗೆ ಬಂದರು. ಅಕ್ಕ ಕೊಲೆಗಾರ ಸಿಗದೆ ಕೊನೆಯ ಪುಟ ಮುಟ್ಟುವುದಿಲ್ಲವೆಂದು ಹೆಬ್ಬೆರಳಿನ ಪುಟದಿಂದ ಹಿಂದಕ್ಕೆ ಹೋಗಿ, ಸುಳಿವೇನಾದರೂ ಬಿಟ್ಟುಹೋಗಿದೆಯೋ ಎಂದು ಕೊನೆಯ ಅಧ್ಯಾಯವನ್ನು ಮತ್ತೆ ಓದುತ್ತಿದ್ದಳು. ಬರೆದವರೇ ಬಂದಿದ್ದಾರೆ ಎಂದರೂ ತಲೆಯೆತ್ತಲಿಲ್ಲ. "ಕೂತ್ಕೊಳಿ. ಈ ವಾಕ್ಯ ಮುಗಿಸ್ತೀನಿ," ಎಂದಳು.

ಆ ವಾಕ್ಯ ಮುಗಿಯಲು ಬಹಳ ಹೊತ್ತು ಹಿಡಿಯಿತು. ಕಾದಂಬರಿಕಾರರು ಪಕ್ಕದಲ್ಲಿ ಕೂತು ನೋಡಿದರು. ತಾವು ಮೂವತ್ತು ವರ್ಷಗಳ ಹಿಂದೆ ಪುಟ ತುಂಬಿಸಲು ಗೀಚಿದ ಮಾತುಗಳು ಬೆರಳುದ್ದದ ಅಕ್ಷರಗಳಾಗಿ ಮೂರು ಮೂರಾಗಿ ಪರದೆಯ ಮೇಲೆ ಬರುತ್ತಿದ್ದವು. 'ಆಕಾಶದಲ್ಲಿ ದಟ್ಟವಾದ ಕಪ್ಪಾದ'. ಅಕ್ಕನ ಮೂಗು ಗಾಜಿಗೆ ತಾಗಿತು. ತುಟಿ ಆಡಿತು. ಬೆರಳು ಸರಿಸಿತು. 'ಮೋಡಗಳು ದಟ್ಟವಾಗಿ ಕವಿದು'. ಕಾದಂಬರಿಕಾರರು ಕುರ್ಚಿಯಲ್ಲಿ ಮಿಸುಕಾಡಿದರು.

"ಅದನ್ನ ಬಿಡಿ ತಾಯಿ. ಅಲ್ಲಿ ಬರೀ ಮೋಡ."

"ಯಾಕೆ ಬಿಡಲಿ? ನೀವು ಬರೆದಿದ್ದೀರಿ ತಾನೆ?"

"ಬರೆದೆ. ಸಂಜೆಯೊಳಗೆ ಪುಟ ಕೊಡಬೇಕಿತ್ತು, ಬರೆದೆ."

"ಹಾಗೋ? ನಾನು ಈ ಮೋಡಕ್ಕೂ ಕೊಲೆಗೂ ಏನೋ ಸಂಬಂಧ ಇದೆ ಅಂತ ಎರಡು ದಿನ ಯೋಚನೆ ಮಾಡಿದ್ದೆ," ಎಂದಳು ಅಕ್ಕ.

ಅವರ ಕಿವಿ ಕೆಂಪಗಾದವು. ನ್ಯಾಯಾಲಯದಲ್ಲಿ ನಿಲ್ಲಿಸಿದ್ದರೂ ಅವರಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಒಂದೊಂದು ಸೋಮಾರಿ ಪದಕ್ಕೂ ಆ ಹೆಂಗಸಿನ ಕಣ್ಣಿನ ಬೆಳಕು ಖರ್ಚಾಗಿತ್ತು, ಅದನ್ನು ಅವರು ಕಣ್ಣಾರೆ ಕಂಡರು. ಕೊನೆಗೆ ತಡೆಯಲಾರದೆ, "ಕಷ್ಟಪಡಬೇಡಿ ತಾಯಿ, ನಾನೇ ಹೇಳಿಬಿಡ್ತೀನಿ. ಕೊಲೆ ಮಾಡಿದ್ದು ಆ..." ಎಂದರು. ಅಷ್ಟರಲ್ಲಿ ಜೈಲರನ ಹೆಂಡತಿ ಕಾಫಿ ಲೋಟವನ್ನು ಅವರ ಬಾಯಿಗೇ ಹಿಡಿದಳು. ಬಿಸಿಯಾಗಿತ್ತು. ಅವರು ಮುಂದೆ ಹೇಳಲಿಲ್ಲ.

"ಬಾಯಲ್ಲಿ ಬೇಡ," ಎಂದಳು ಅಕ್ಕ. "ಬರೆದಿದ್ದನ್ನೇ ಓದಬೇಕು ನಾನು."

"ಬರೆದು ಕೊಟ್ರೆ?"

ಎಲ್ಲರೂ ಜೈಲರನ ಕಡೆ ನೋಡಿದರು. ಅವನು ಬೆವರಿದ. "ಪುಸ್ತಕದಲ್ಲಿರೋದನ್ನೇ ಹಾಗೇ ಬರೆದ್ರೆ ಅದು ಪ್ರತಿ," ಎಂದ.

"ಹಾಗೇ ಬರೆಯೋಕೆ ನನಗೆಲ್ಲಿ ನೆನಪಿದೆಯಪ್ಪಾ? ಕೊಲೆಗಾರ ನೆನಪಿದ್ದಾನೆ, ವಾಕ್ಯ ನೆನಪಿಲ್ಲ. ಹೊಸದಾಗೇ ಬರೀಬೇಕು."

ಜೈಲರ್ ಛಾವಣಿ ನೋಡಿದ, ನೆಲ ನೋಡಿದ, ತನಗೆ ಗೊತ್ತಿದ್ದ ನಿಯಮಗಳನ್ನೆಲ್ಲ ಒಂದು ಸುತ್ತು ತಡಕಿದ. "ಬರೆಯೋರು ಬರೆಯೋದನ್ನ ತಡೆಯೋ ನಿಯಮ ನನ್ನ ಹತ್ರ ಯಾವುದೂ ಇಲ್ಲ," ಎಂದ. ಹೇಳಿ ಮುಗಿಸಿದಾಗ ಎದೆ ಹಗುರಾಗಿತ್ತು.

ಹೆಂಡತಿ ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದು ಹಿಂಬದಿ ಮೇಲೆ ಮಾಡಿ ಕೊಟ್ಟಳು. ಗ್ರಂಥಾಲಯದ ಕಪಾಟುಗಳಿಗೆ ಅಂಕಿ ಬರೆಯುವ ದಪ್ಪ ಕಪ್ಪು ಮಾರ್ಕರ್ ಜೈಲರನ ಜೇಬಿನಲ್ಲಿತ್ತು. ಕಾದಂಬರಿಕಾರರು ನೆಲದ ಮೇಲೆ ಕೂತು ಬರೆಯಲು ಹೊರಟರು. ಅಲ್ಲಿಯೇ ಸಿಕ್ಕಿಬಿದ್ದರು. ಒಂದು ಪದ ಬರೆದು ಹೊಡೆದು ಹಾಕಿದರು. ಇನ್ನೊಂದು ಬರೆದು ಅದನ್ನೂ ಹೊಡೆದು ಹಾಕಿದರು. ಒಂದು ಕಾಲದಲ್ಲಿ ದಿನಕ್ಕೆ ಮೂವತ್ತು ಪುಟ ಬರೆದ ಕೈ ಅದು. ಈಗ ನಾಲ್ಕು ಸಾಲಿಗೆ ಕ್ಯಾಲೆಂಡರಿನ ಹಾಳೆ ಮೇಲೆ ಹಾಳೆ ಹರಿಯುತ್ತಿತ್ತು. "ಬೇಡದ ಪದ ಒಂದೂ ಇರಬಾರದು," ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಹೊತ್ತು ನಾಲ್ಕೂವರೆಯಾಯಿತು. ಐದಕ್ಕೆ ಗುಂಡಿ ಒತ್ತಬೇಕಾದವನು ಜೈಲರ್. ಅವನು ಚಪ್ಪಲಿ ಮೆಟ್ಟಿ ಗ್ರಂಥಾಲಯಕ್ಕೆ ಓಡಿದ.

ಗ್ರಂಥಾಲಯದಲ್ಲಿ ಪ್ರಕಾಶಕರ ಮನುಷ್ಯ ಬಂದು ಕೂತಿದ್ದ. ಕಂಕುಳಲ್ಲಿ ಚೀಲ ಹಿಡಿದ ತೆಳ್ಳನೆಯ ಯುವಕ, ಯಾರ ಮೇಲೂ ಸಿಟ್ಟಿದ್ದವನಲ್ಲ, ಮನೆಗೆ ಹೋಗುವ ಬಸ್ಸಿನ ಚಿಂತೆ ಅವನದು. ಮೇಡಂ ಗೋಡೆ ಗಡಿಯಾರ ನೋಡುತ್ತಿದ್ದರು. ಜೈಲರ್ ಕಂಪ್ಯೂಟರಿನ ಮುಂದೆ ಕೂತು ಆ ಪ್ರಕಾಶಕರ ಪುಸ್ತಕಗಳನ್ನೆಲ್ಲ ಆರಿಸಿಟ್ಟ. ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲ ಒಟ್ಟಿಗೆ ಹೋಗುತ್ತವೆ. ಐದಕ್ಕೆ ಎರಡು ನಿಮಿಷವಿದ್ದಾಗ ಮನೆಗೆ ಫೋನು ಮಾಡಿದ.

"ಬರೆದು ಕೊಟ್ರು ರೀ," ಎಂದು ಹೆಂಡತಿ ಪಿಸುಗುಟ್ಟಿದಳು. "ಅತ್ತಿಗೆ ಕೊಲೆಗಾರನ್ನ ಓದಿದ್ರು. ಓದಿ 'ಥೂ, ಅವನಾ!' ಅಂದ್ರು. ಈಗ ಟ್ಯಾಬಲ್ಲಿ ಕೊನೇ ಪುಟ. ಇನ್ನೂ ಅರ್ಧ ಇದೆ."

ಗೋಡೆ ಗಡಿಯಾರ ಐದು ಹೊಡೆಯಿತು. ತಡವಾಗಿ ಬಂದವರ ಮೂಗಿನ ಮುಂದೆ ಎಷ್ಟೋ ಸಲ ಎರವಲು ಕೌಂಟರಿನ ಕಿಟಕಿ ಎಳೆದ ಕೈ ಈಗ ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು.

"ಐದಾಯ್ತಲ್ಲ ಸರ್," ಎಂದ ಯುವಕ.

"ಆಯ್ತು," ಎಂದ ಜೈಲರ್.

"ಒತ್ತಿಲ್ವಲ್ಲ?"

"ಒತ್ತಿಲ್ಲ."

"ಏನಾದ್ರೂ ತೊಂದರೇನಾ? ಕರೆಂಟು, ನೆಟ್ಟು?"

ಒಳ್ಳೆಯ ಸುಳ್ಳುಗಳನ್ನು ಆ ಹುಡುಗನೇ ತಂದು ಕೈಗಿಟ್ಟಿದ್ದ, ಬರೀ ತಲೆಯಾಡಿಸಿದ್ದರೆ ಸಾಕಿತ್ತು. ಜೈಲರ್‌ಗೆ ಅದೂ ಬರಲಿಲ್ಲ. "ನಮ್ಮಕ್ಕ ಓದ್ತಿದ್ದಾಳೆ," ಎಂದ. "ಅರ್ಧ ಪುಟ ಇದೆ. ಅವಳ ಕಣ್ಣು ಹೋಗ್ತಿದೆ, ಇದೇ ಕೊನೇದು. ನಾನು ಒತ್ತಲ್ಲ. ನಾನು ಒತ್ತಿಲ್ಲ ಅಂತ ಬೇಕಾದ್ರೆ ಮೇಲಿನವರಿಗೆ ಹೇಳಿ, ತಪ್ಪು ನನ್ನದೇ."

ಮೇಡಂ ಅವನ ಮುಖ ನೋಡಿದರು. ಆಮೇಲೆ ಯುವಕನಿಗೆ, "ಟೀ ತಗೋತೀರಾ?" ಎಂದರು. ಯುವಕ ತನ್ನ ಬಸ್ಸಿನ ಬಗ್ಗೆ ಏನೋ ಹೇಳಲು ಬಾಯಿ ತೆರೆದವನು, ಮುಚ್ಚಿ, ಸಕ್ಕರೆ ಕಡಿಮೆ ಇರಲಿ ಎಂದ. ಮೂವರೂ ಟೀ ಕುಡಿಯುತ್ತ, ಎಲ್ಲೋ ಒಂದು ಮನೆಯಲ್ಲಿ ಒಬ್ಬಳು ಹೆಂಗಸು ಮೂರು ಮೂರು ಪದ ಓದುವುದನ್ನು ಕಾದರು. ಲೋಟ ಬರಿದಾಯಿತು, ಹೊರಗೆ ಬಸ್ಸೊಂದು ಹೋದ ಸದ್ದಾಯಿತು. ಯುವಕ ಕಿಟಕಿಯ ಕಡೆ ನೋಡಿ, ಕಂಕುಳಿನ ಚೀಲವನ್ನು ತೆಗೆದು ಮೇಜಿನ ಮೇಲಿಟ್ಟ.

ಫೋನು ಬಂತು. ಈ ಸಲ ಅಕ್ಕನ ಧ್ವನಿಯೇ.

"ಮುಗೀತು ಕಣೋ. ನಾನೇ ಓದಿದೆ, ಕೊನೇ ಅಕ್ಷರದವರೆಗೂ. ನೀನು ಒತ್ತು."

ಅವನು ಒತ್ತಿದ. ಪರದೆಯಿಂದ ಪುಸ್ತಕಗಳ ಹೆಸರು ಸಾಲು ಸಾಲಾಗಿ ಅಳಿಸಿಹೋದವು. ಅವುಗಳಲ್ಲಿ ಎಷ್ಟು ಯಾರ್ಯಾರ ಮಡಿಲಲ್ಲಿ ಅರ್ಧಕ್ಕೇ ನಿಂತವೋ ಎಂದು ಅವನು ಲೆಕ್ಕ ಹಾಕಲು ನೋಡಿದ. ಒತ್ತಬಾರದಿತ್ತು ಎಂದೂ ಅನ್ನಿಸಿತು, ಒತ್ತದೆ ಇರುವ ಹಾಗಿರಲಿಲ್ಲ ಎಂದೂ ಅನ್ನಿಸಿತು. ಬಾಗಿಲು ಹಾಕಿ ಮನೆಯ ಕಡೆ ನಡೆದ.

ಮನೆಯಲ್ಲಿ ಕಾದಂಬರಿಕಾರರು ಇನ್ನೂ ನೆಲದ ಮೇಲೇ ಇದ್ದರು. ಇಸ್ತ್ರಿಯ ಅಂಗಿಯ ತೋಳು ಮೊಣಕೈವರೆಗೆ ಕಪ್ಪಾಗಿತ್ತು. ಹೆಂಡತಿ ಬಾಗಿಲಲ್ಲೇ ತಡೆದು ದೂರು ಹೇಳಿದಳು, "ವರ್ಷ ಇನ್ನೂ ಅರ್ಧ ಇದೆ, ಕ್ಯಾಲೆಂಡರ್ ಮುಗೀತು ನೋಡಿ! ಪುಸ್ತಕ ಓದಿ ಮುಗಿಸಿದ್ದೇ ನಿಮ್ಮಕ್ಕ ಅವರನ್ನ ಹಿಡ್ಕೊಂಡ್ರು. ಇನ್ನೊಂದು ಬರೀರಿ, ಬೇಗ ಬರೀರಿ, ನನ್ನ ಕಣ್ಣು ಕಾಯಲ್ಲ ಅಂದ್ರು. ಹತ್ತು ವರ್ಷದಿಂದ ಒಂದಕ್ಷರ ಬರೆದಿಲ್ಲ ತಾಯಿ ಅಂತ ಅತ್ತೇಬಿಟ್ರು ಪಾಪ. ಅತ್ತಾದ್ಮೇಲೆ ಹಾಳೆ ಕೇಳಿದ್ರು."

ಅಕ್ಕ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಕೂತಿದ್ದಳು. ಕಾದಂಬರಿಕಾರರು ಆಗಷ್ಟೇ ಬರೆದ ಹಾಳೆಯನ್ನು ಊದಿ ಆರಿಸಿ ಅವಳ ಕೈಗಿಟ್ಟರು. ಅದರ ತುಂಬ ಮೂರೇ ಪದ. ಅವಳು ಮೂಗಿನ ಹತ್ತಿರ ಹಿಡಿದು, ತುಟಿಯಾಡಿಸಿ, ನಿಧಾನವಾಗಿ ಓದಿದಳು. ಓದಿದ ಹಾಳೆಯನ್ನು ಪಕ್ಕಕ್ಕಿಟ್ಟು ಮತ್ತೆ ಕೈ ಚಾಚಿದಳು.

"ಆಮೇಲೆ?" ಎಂದಳು.